'ಸರ್ವರ್ ಇಲ್ಲ, ನಾಳೆ ಬನ್ನಿ': ಜೋಡಿ ಟೈರಿನ ಲೆಕ್ಕ ಕಂಪ್ಯೂಟರಿಗೂ ಬೇಕು

ಬೇಲೂರು: ಬೆಳಿಗ್ಗೆ ಮೊದಲ ಬಸ್ಸಿಗೆ ಹಳ್ಳಿ ಬಿಟ್ಟು ಬಂದವರು ಪಹಣಿಗೋ ಮತ್ತೊಂದಕ್ಕೋ ಸಾಲಿನಲ್ಲಿ ನಿಂತಿರುತ್ತಾರೆ. ಸರದಿ ಬರುವ ಹೊತ್ತಿಗೆ ಕಿಟಕಿಯ ಒಳಗಿನಿಂದ ಒಂದೇ ಮಾತು: 'ಸರ್ವರ್ ಇಲ್ಲ, ನಾಳೆ ಬನ್ನಿ.' ಹೋಟ್ಲಲ್ಲಿ ದೋಸೆ ತಂದುಕೊಡುವ ಸರ್ವರನ್ನು ಮಾತ್ರ ಬಲ್ಲ ಅಜ್ಜ ಪಕ್ಕದವರನ್ನು ಕೇಳಬೇಕು: 'ಅವನೇನು ರಜೆ ಮೇಲೆ ಹೋಗವ್ನಾ?'

ನಗುವ ಮಾತೇನೋ ಹೌದು. ಆದರೆ ಅಜ್ಜನ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋದವಲ್ಲ, ಅದನ್ನು ಕೊಡುವವರು ಯಾರು?

ಸರ್ವರ್ ಅಂದರೆ ದೂರದ ಊರಿನ ತಣ್ಣನೆ ಕೋಣೆಯಲ್ಲಿ ಹಗಲೂ ರಾತ್ರಿ ಓಡುವ ದೊಡ್ಡ ಕಂಪ್ಯೂಟರು. 2000ದ ಸುಮಾರಿಗೆ 'ಭೂಮಿ' ಯೋಜನೆ ಶುರುವಾದ ಮೇಲೆ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಈಗ ರೇಷನ್ ಅಂಗಡಿಯ ಹೆಬ್ಬೆಟ್ಟು, ಬ್ಯಾಂಕಿನ ಪಾಸ್‌ಬುಕ್ಕು, ಚಿಲ್ಲರೆ ಅಂಗಡಿಯ ಕ್ಯೂಆರ್ ಕೋಡು ಎಲ್ಲಕ್ಕೂ ಅವನೇ ದಿಕ್ಕು. ಅವನು ಮಲಗಲು ಕಾರಣ ಹಲವು. ಲೈನ್ ಕಟ್ಟಾಗಬಹುದು, ಒಂದೇ ಸಲ ಜನ ಮುಗಿಬೀಳಬಹುದು. ಆದರೆ ಎಲ್ಲಕ್ಕಿಂತ ಹಳೆಯ ಶತ್ರು ಕರೆಂಟು. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿಯುವುದನ್ನು ಕಂಡ ಈ ಮಲೆನಾಡ ಸೆರಗಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಜೋಡಿ ಟೈರು, ಸ್ಟೆಪ್ನಿ

ಹಾಸನದ ಬಸ್ಸು ಹತ್ತುವವರು ಒಮ್ಮೆ ಹಿಂದಿನ ಚಕ್ರ ನೋಡಿ. ಒಂದೊಂದು ಬದಿಗೆ ಎರಡೆರಡು ಟೈರು. ಒಂದು ಪಂಕ್ಚರ್ ಆದರೆ ಪಕ್ಕದ್ದು ಭಾರ ಹೊತ್ತು ಬಸ್ಸನ್ನು ಸ್ಟ್ಯಾಂಡಿಗೆ ಮುಟ್ಟಿಸುತ್ತದೆ. ಸ್ಟೆಪ್ನಿಯ ಕಥೆ ಬೇರೆ. ಅದನ್ನು ಹಾಕಬೇಕಾದರೆ ಬಸ್ಸು ನಿಲ್ಲಲೇಬೇಕು.

ಒಳ್ಳೆಯ ಸರ್ವರಿನಲ್ಲೂ ಇದೇ ಏರ್ಪಾಡು. ಕರೆಂಟನ್ನು ಹದಮಾಡಿ ಯಂತ್ರಕ್ಕೆ ಉಣಿಸುವ ಪೆಟ್ಟಿಗೆಗೆ ಪವರ್ ಸಪ್ಲೈ ಎನ್ನುತ್ತಾರೆ. ಅಂಥವು ಎರಡಿರುತ್ತವೆ. ಎರಡೂ ಸಮನಾಗಿ ಭಾರ ಹೊರುತ್ತವೆ. ಆದರೆ ಒಂದೊಂದಕ್ಕೂ ಪೂರ್ತಿ ಭಾರ ಹೊರುವ ತಾಕತ್ತು ಇರಲೇಬೇಕು. ಕೆಟ್ಟದ್ದನ್ನು ಯಂತ್ರ ನಿಲ್ಲಿಸದೆ ಎಳೆದು ಹೊಸದು ಸಿಕ್ಕಿಸಬಹುದು. ಬಸ್ಸು ಓಡುತ್ತಿರುವಾಗಲೇ ಟೈರು ಬದಲಿಸಿದ ಹಾಗೆ!

ಜನರೇಟರು ಸ್ಟೆಪ್ನಿ ಇದ್ದಂತೆ. ಅದು ಎದ್ದು ಉಸಿರು ಹಿಡಿಯಲು ಕೆಲವು ಸೆಕೆಂಡು ಬೇಕು. ಪವರ್ ಸಪ್ಲೈ ತನ್ನ ಹೊಟ್ಟೆಯಲ್ಲಿ ಕೂಡಿಟ್ಟ ಕರೆಂಟಿನಿಂದ ತಡೆಯುವುದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ನಡುವಿನ ಹೊತ್ತನ್ನು ಯುಪಿಎಸ್ ಬ್ಯಾಟರಿ ನಿಭಾಯಿಸಬೇಕು.

ಗಾಳಿ ಉಲ್ಟಾ ಹೋಗಬಾರದು

ಎರಡು ಟೈರಿಗೂ ಒಂದೇ ಟ್ಯೂಬು ಹಾಕಿದರೆ ಏನಾದೀತು? ಒಂದು ತೂತಾದರೆ ಎರಡೂ ಚಪ್ಪಟೆ. ಅದೇ ರೀತಿ ಕೆಟ್ಟ ಪೆಟ್ಟಿಗೆ ಒಳ್ಳೆಯದರ ಕರೆಂಟನ್ನು ಹಿಂದಕ್ಕೆ ಹೀರಿಕೊಳ್ಳಬಾರದು. ಅದಕ್ಕೇ ನಡುವೆ ಒಂದು ವಾಲ್ವು. ಹಿಂದೆ ಅದಕ್ಕೆ ಡಯೋಡ್ ಹಾಕುತ್ತಿದ್ದರು. ಆದರೆ ಡಯೋಡ್ ದುಬಾರಿ ಸುಂಕದವನು. 1200 ವ್ಯಾಟಿನ ಯಂತ್ರಕ್ಕೆ 12 ವೋಲ್ಟಿನಲ್ಲಿ 100 ಆಂಪಿಯರ್ ಹರಿಯಬೇಕು. ಡಯೋಡ್ ಅರ್ಧ ವೋಲ್ಟ್ ನುಂಗಿದರೂ 50 ವ್ಯಾಟ್ ಬರೀ ಬಿಸಿಯಾಗಿ ಹೋಯಿತು. ಅದರ ಜಾಗಕ್ಕೆ ಮಾಸ್ಫೆಟ್ ಎಂಬ ಚೂಟಿಯಾದ ಸ್ವಿಚ್ಚು ಬಂದಿದೆ. ಅದರ ಅಡ್ಡಿ ಒಂದು ಓಮಿನ ಸಾವಿರದಲ್ಲೊಂದು ಭಾಗವಿದ್ದರೆ ನಷ್ಟ 10 ವ್ಯಾಟ್ ಮಾತ್ರ.

ಅರ್ಧ ಖಾಲಿ ಬಸ್ಸಿನ ನಷ್ಟ

ಜೋಡಿ ಇಟ್ಟರೆ ಇನ್ನೊಂದು ತಾಪತ್ರಯ. ಒಂದೊಂದೂ ಯಾವಾಗಲೂ ಅರ್ಧ ಭಾರಕ್ಕಿಂತ ಕಡಿಮೆಯಲ್ಲೇ ಓಡಬೇಕು. ಅರ್ಧ ಖಾಲಿ ಬಸ್ಸಿಗೂ ಡೀಸೆಲ್ ಬೇಕಲ್ಲ! ಆದ್ದರಿಂದ ಕಡಿಮೆ ಭಾರದಲ್ಲೂ ಕರೆಂಟ್ ಪೋಲು ಮಾಡದ ಪೆಟ್ಟಿಗೆ ಆರಿಸುವುದೇ ಜಾಣತನ. '80 ಪ್ಲಸ್' ಎಂಬ ಮುದ್ರೆ 2004ರಿಂದ ಇದೆ. ಅದರ ಅತಿ ಮೇಲಿನ ದರ್ಜೆಗಳಲ್ಲೊಂದಾದ ಟೈಟಾನಿಯಂನಲ್ಲಿ ಅರ್ಧ ಭಾರದಲ್ಲಿ ನೂರಕ್ಕೆ 96 ಪಾಲು ಕೆಲಸಕ್ಕೆ ಸಿಗಬೇಕು.

ಅಂಗಡಿಯವರ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ: 1000 ವ್ಯಾಟ್ ಕೆಲಸಕ್ಕೆ ನೂರಕ್ಕೆ 88 ಕೊಡುವ ಪೆಟ್ಟಿಗೆ ಮೀಟರಿನಿಂದ 1136 ವ್ಯಾಟ್ ಎಳೆಯುತ್ತದೆ. 96 ಕೊಡುವುದು 1042. ವರ್ಷವಿಡೀ ಓಡಿದರೆ ವ್ಯತ್ಯಾಸ ಸುಮಾರು 830 ಯೂನಿಟ್. ಆ ಬಿಸಿಯನ್ನು ಹೊರಹಾಕುವ ಏಸಿ ಬಿಲ್ಲು ಬೇರೆ.

ಈಗಿನ ಎ.ಐ. ಯಂತ್ರಗಳು ಒಂದೊಂದೇ 10 ಕಿಲೋವ್ಯಾಟ್ ನುಂಗುವುದೂ ಉಂಟು. ಅಲ್ಲಿ ಆರು ಪೆಟ್ಟಿಗೆ ಇಟ್ಟು, ನಾಲ್ಕೇ ಉಳಿದರೂ ನಡೆಯುವಂತೆ ಮಾಡುತ್ತಾರೆ. ಬೇಕಾದ್ದಕ್ಕಿಂತ ದುಪ್ಪಟ್ಟು ಬೇಡ, ಒಂದೂವರೆ ಪಟ್ಟು ಸಾಕು. ಒಳಗಿನ ವೈರಿಂಗೂ 12ರಿಂದ 48 ವೋಲ್ಟಿನ ಕಡೆ ಹೊರಟಿದೆ. ವೋಲ್ಟು ನಾಲ್ಕು ಪಟ್ಟಾದರೆ ಆಂಪಿಯರ್ ಕಾಲು ಭಾಗ, ಅದೇ ತಂತಿಯ ಬಿಸಿ ಹದಿನಾರನೇ ಒಂದು ಭಾಗ. ಇದೇನು ಹೊಸ ವಿದ್ಯೆಯಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟನ್ನು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಿದ್ದೂ ವೋಲ್ಟು ಏರಿಸಿಯೇ.

ಪಾಠ ಪಕ್ಕದಲ್ಲೇ ಇದೆ

ಇದನ್ನೆಲ್ಲ ಅಮೆರಿಕಕ್ಕೆ ಹೋಗಿ ಕಲಿಯಬೇಕಿಲ್ಲ. ಬೇಲೂರಿನಿಂದ ಸುಮಾರು 40 ಕಿ.ಮೀ. ದೂರದ ಹಾಸನದಲ್ಲಿ, ಸಾಲಗಾಮೆ ರಸ್ತೆಯಲ್ಲಿ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ದೇಶದ ಇನ್ಸಾಟ್ ಉಪಗ್ರಹಗಳ ಲಗಾಮು ಅಲ್ಲಿದೆ. ಆ ಉಪಗ್ರಹಗಳಿಗೂ 'ಕರೆಂಟ್ ಹೋಗುತ್ತದೆ'. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಭೂಮಿಯ ನೆರಳು ಬಿದ್ದು, ದಿನಕ್ಕೆ ಹೆಚ್ಚೆಂದರೆ 72 ನಿಮಿಷ ಬಿಸಿಲು ಸಿಗದು. ಆಗ ಬ್ಯಾಟರಿಯೇ ಗತಿ. ಹಾಸನದ ಕೇಂದ್ರ ಒಂದನ್ನೇ ನಂಬಿ ಕೂರಬಾರದೆಂದು 2005ರಲ್ಲಿ ಭೋಪಾಲದಲ್ಲಿ ಎರಡನೆಯದೂ ಶುರುವಾಯಿತು. ಆಕಾಶದಲ್ಲಿ ಜೋಡಿ ಟೈರು ಅಂದರೆ ಇದೇ.

ಒಂದನ್ನೇ ನಂಬಿದರೆ ಏನಾಗುತ್ತದೆಂದು 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ನೋಡಿತು. ಗ್ರಿಡ್ ಕುಸಿದು, ಎರಡನೇ ದಿನ ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ರೈಲು ನಿಂತವು. ಸ್ವಂತ ಬ್ಯಾಟರಿ, ಜನರೇಟರು ಸರಿಯಾಗಿ ಇಟ್ಟುಕೊಂಡವರ ಕೆಲಸ ಮಾತ್ರ ನಡೆಯಿತು.

ಪ್ಲಗ್ಗು ಎಲ್ಲಿದೆ ನೋಡಿ

ಅಂಗಡಿಯವರು, ಸಹಕಾರ ಸಂಘದವರು, ಕಚೇರಿಯವರು ಮಾಡುವ ದೊಡ್ಡ ತಪ್ಪೊಂದಿದೆ. ದುಡ್ಡು ಸುರಿದು ಎರಡು ಪವರ್ ಸಪ್ಲೈ ಇರುವ ಯಂತ್ರ ತರುತ್ತಾರೆ. ಕೊನೆಗೆ ಎರಡೂ ವೈರನ್ನು ಒಂದೇ ಬೋರ್ಡಿಗೆ, ಒಂದೇ ಯುಪಿಎಸ್ಸಿಗೆ ಸಿಕ್ಕಿಸುತ್ತಾರೆ. ಆ ಯುಪಿಎಸ್ ಸತ್ತರೆ ಜೋಡಿ ಇದ್ದೂ ದಂಡ. ಒಂದು ವೈರು ಒಂದು ಲೈನಿಗೆ, ಇನ್ನೊಂದು ಬೇರೆ ಲೈನಿಗೆ ಹೋಗಬೇಕು.

ಇನ್ನೊಂದು ಮಾತು ಬ್ಯಾಟರಿಯದು. ಸೆಕೆಯ ಮೂಲೆಯಲ್ಲಿಟ್ಟ ಬ್ಯಾಟರಿ ಬೇಗ ಸಾಯುತ್ತದೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ತಿಂಗಳಿಗೊಮ್ಮೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಒಂದು ವೈರು ಕಿತ್ತು ಪರೀಕ್ಷೆ ಮಾಡಬೇಕು. ತೇರು ಎಳೆಯುವ ಮುಂಚೆ ಗಾಲಿ, ಹಗ್ಗ ನೋಡದೆ ಇರುತ್ತಾರೆಯೇ?

ವಿದ್ಯೆ ಗುಟ್ಟಿನದಲ್ಲ, ಸಾಮಾನೂ ಪೇಟೆಯಲ್ಲಿ ಸಿಗುತ್ತದೆ. ಬೇಕಾದ್ದು ಮನಸ್ಸು. ಮುಂದಿನ ಸಲ ಕಿಟಕಿಯವರು 'ಸರ್ವರ್ ಇಲ್ಲ' ಅಂದರೆ, ಸಾಲಿನಲ್ಲಿ ನಿಂತವರು ಮೆಲ್ಲಗೆ ಕೇಳಲಿ: 'ಎರಡನೇ ಪ್ಲಗ್ಗು ಎಲ್ಲಿ ಹಾಕಿದ್ದೀರಿ ಸ್ವಾಮಿ?'