ಚುಕ್ಕೆ ಹೋದರೆ ರೋಗ ಹೋದಂತಲ್ಲ

ನಾನು ಓದಿದ್ದು ಎಂ.ಬಿ.ಬಿ.ಎಸ್., ಆಮೇಲೆ ಎಂ.ಡಿ. ಆದರೆ ಜಪಾನಿಗೆ ಬಂದ ಮೇಲೆ ಯಾರ ನಾಡಿಯನ್ನೂ ಹಿಡಿದಿಲ್ಲ. ಇಲ್ಲಿ ರೋಗಿಗಳನ್ನು ನೋಡಬೇಕಾದರೆ ಇಲ್ಲಿನ ವೈದ್ಯಕೀಯ ಪರೀಕ್ಷೆಯನ್ನು ಜಪಾನಿ ಭಾಷೆಯಲ್ಲೇ ಪಾಸು ಮಾಡಬೇಕು. ನನ್ನದು ಔಷಧ ಕಂಪನಿಯೊಂದರಲ್ಲಿ ಮೇಜಿನ ಮುಂದೆ ಕುಳಿತು ಮಾಡುವ ಕೆಲಸ. "ಡಾಕ್ಟ್ರೇ, ಈ ದೇಶದಲ್ಲಿ ನಿಮ್ಮ ರೋಗಿಗಳು ಯಾರು?" ಎಂದು ಬಳಗದ ಗೆಳೆಯರು ಕೇಳಿದಾಗಲೆಲ್ಲ "ಹದಿನಾಲ್ಕು ಮೀನುಗಳು" ಎನ್ನುತ್ತೇನೆ. ಅವರು ನಗುತ್ತಾರೆ. ಆ ಹದಿನಾಲ್ಕರಲ್ಲಿ ಐದನ್ನು ನಾನೇ ಕಳೆದುಕೊಂಡ ಕಥೆಯನ್ನು ಮಾತ್ರ ಇದುವರೆಗೆ ಹೇಳಿರಲಿಲ್ಲ.

2011ರ ಮಾರ್ಚ್ 11ರ ಭೂಕಂಪವನ್ನು ಇಲ್ಲಿ ಆಗ ಇದ್ದವರು ಮರೆಯುವಂತಿಲ್ಲ. ನಾವಿದ್ದದ್ದು ಯೊಕೊಹಾಮಾದಲ್ಲಿ. ಅಂದು ರಾತ್ರಿ ನಮ್ಮ ಮನೆಯಲ್ಲಿ ಬಹಳ ಹೊತ್ತು ಕರೆಂಟು ಇರಲಿಲ್ಲ. ಒಂದೆರಡು ದಿನಗಳಲ್ಲೇ ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಮೈಸೂರಿಗೆ ಕಳಿಸಿಬಿಟ್ಟೆ. ವಿಮಾನ ನಿಲ್ದಾಣದಲ್ಲಿ ಮಗಳು ಹೇಳಿದ್ದು ಒಂದೇ ಮಾತು: "ಅಪ್ಪಾ, ಮೀನು ನೋಡ್ಕೋ."

ಮನೆಯಲ್ಲಿದ್ದದ್ದು ಅರುವತ್ತು ಸೆಂಟಿಮೀಟರಿನ ಗಾಜಿನ ತೊಟ್ಟಿ. ಅದರಲ್ಲಿ ಹತ್ತು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ. ಗಪ್ಪಿಗಳು ಹಿಂದಿನ ವಾರವಷ್ಟೇ ಬಂದಿದ್ದವು. ಅಂಗಡಿಯಿಂದ ತಂದವನೇ ನೇರವಾಗಿ ಹಳೆಯ ಮೀನುಗಳ ಜೊತೆ ಬಿಟ್ಟಿದ್ದೆ. ಅದು ನನ್ನ ಮೊದಲ ತಪ್ಪು.

ಮಾರ್ಚ್ 14ರಿಂದ ಸರದಿಯ ಪ್ರಕಾರ ವಿದ್ಯುತ್ ಕಡಿತ ಶುರುವಾಯಿತು. ಒಮ್ಮೆ ಹೋದರೆ ಸುಮಾರು ಮೂರು ಗಂಟೆ. ಉಷ್ಣವಲಯದ ಮೀನುಗಳಿಗೆ 25 ಡಿಗ್ರಿಯಷ್ಟು ಬೆಚ್ಚಗಿನ ನೀರು ಬೇಕು; ನಮ್ಮ ಹೀಟರ್ ನಿಂತೇಹೋಗಿತ್ತು. ತೊಟ್ಟಿಗೆ ಕಂಬಳಿ ಸುತ್ತಿದೆ, ಬಾಟಲಿಗಳಲ್ಲಿ ಬಿಸಿನೀರು ತುಂಬಿ ತೇಲಿಬಿಟ್ಟೆ. ಗಾಳಿಯ ಪಂಪಿಗೆ ಬ್ಯಾಟರಿ ಹುಡುಕಿದರೆ ಅಂಗಡಿಗಳ ಕಪಾಟುಗಳೇ ಖಾಲಿ. ಈಶಾನ್ಯ ಜಪಾನಿನಲ್ಲಿ ಸಾವಿರಾರು ಜನ ಸತ್ತಿರುವಾಗ ಮೀನಿಗಾಗಿ ಬ್ಯಾಟರಿ ಹುಡುಕುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ದಿನಾ ಸಂಜೆ ಮೈಸೂರಿನಿಂದ ಫೋನು ಬರುತ್ತಿತ್ತು.

16ನೆಯ ತಾರೀಖು ನೋಡಿದರೆ ಗಪ್ಪಿಯ ಬಾಲದ ಮೇಲೆ ಸಣ್ಣ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಮೀನು ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿತ್ತು. ಜಪಾನಿಯರು ಇದನ್ನು ಹಾಕುತೆನ್‌ಬ್ಯೊ ಎನ್ನುತ್ತಾರೆ, ಬಿಳಿಚುಕ್ಕೆ ರೋಗ ಎಂದೇ ಅರ್ಥ. ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಪರಾವಲಂಬಿ ಇದಕ್ಕೆ ಕಾರಣ. ಹೆಸರು ನಾಲಿಗೆಗೆ ಕಷ್ಟ, ಅರ್ಥ ಸುಲಭ: ಬಹಳ ಮಕ್ಕಳ ಮೀನುಹೇನು. ಮನುಷ್ಯರಿಗೆ ಇದು ಅಂಟುವುದಿಲ್ಲ.

ಹತ್ತಿರದ ಅಂಗಡಿಯಿಂದ ಮೆಥಿಲೀನ್ ಬ್ಲೂ ತಂದು ಹಾಕಿದೆ. ಈ ನೀಲಿ ನಮಗೆ ವೈದ್ಯರಿಗೆ ಹಳೆಯ ಪರಿಚಯ. 1891ರಲ್ಲೇ ಬರ್ಲಿನ್ನಿನಲ್ಲಿ ಗುಟ್‌ಮನ್ ಮತ್ತು ಎರ್ಲಿಖ್ ಇದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟಿದ್ದರು. ಮೂರು ದಿನಗಳಲ್ಲಿ ಚುಕ್ಕೆಗಳು ಮಾಯ! ನಾನು ಹಿಗ್ಗಿ, ನೀರು ಬದಲಿಸಿ, ಔಷಧ ನಿಲ್ಲಿಸಿದೆ. "ಎಲ್ಲ ಚೆನ್ನಾಗಿವೆ ಪುಟ್ಟಾ" ಎಂದು ಫೋನಿನಲ್ಲಿ ಹೇಳಿದೆ.

ಒಂದು ವಾರ ಕಳೆಯಿತು. ಚುಕ್ಕೆಗಳು ಮತ್ತೆ ಬಂದವು, ಈ ಸಲ ಎಲ್ಲ ಮೀನುಗಳ ಮೇಲೂ. ಎರಡು ಟೆಟ್ರಾಗಳು ಬೆಳಗಾಗುವಷ್ಟರಲ್ಲಿ ಸತ್ತಿದ್ದವು.

ಅಂಗಡಿಯ ಹಿರಿಯರ ಬಳಿಗೆ ಓಡಿದೆ. "ಎಷ್ಟು ದಿನ ಹಾಕಿದಿರಿ?" ಎಂದರು. "ಮೂರು ದಿನ. ಚುಕ್ಕೆ ಹೋಯಿತು, ನಿಲ್ಲಿಸಿದೆ" ಎಂದೆ. ಅವರು ಬೈಯಲಿಲ್ಲ, ಸುಮ್ಮನೆ ತಲೆಯಾಡಿಸಿದರು. ನನಗೆ ಥಟ್ಟನೆ ತೊಂಬತ್ತರ ದಶಕದ ಮಂಗಳೂರು ನೆನಪಾಯಿತು. ಮಲೇರಿಯಾ ಜ್ವರ ಬಿಟ್ಟ ಕೂಡಲೇ ಮಾತ್ರೆ ಬಿಟ್ಟು, ತಿಂಗಳುಗಳ ನಂತರ ನಡುಗುತ್ತಾ ಬರುತ್ತಿದ್ದವರನ್ನು ನಾನು ಎಷ್ಟು ಗದರಿಸಿದ್ದೆ! "ಜ್ವರ ಹೋದರೆ ರೋಗ ಹೋಯಿತೇನ್ರೀ? ಕ್ರಿಮಿ ಯಕೃತ್ತಿನಲ್ಲಿ ಅಡಗಿರುತ್ತದೆ" ಎನ್ನುತ್ತಿದ್ದವನು ನಾನೇ.

ಮೀನಿನದೂ ಅದೇ ಕಥೆ. ನಮಗೆ ಕಾಣುವ ಚುಕ್ಕೆ ಚರ್ಮದ ಒಳಪದರದಲ್ಲಿ ಹುದುಗಿದ ಪರಾವಲಂಬಿ. ಅಲ್ಲಿಗೆ ನೀರಿನ ಔಷಧ ಮುಟ್ಟುವುದಿಲ್ಲ. ಬೆಳೆದ ಮೇಲೆ ಅದು ತಾನಾಗಿಯೇ ಮೀನನ್ನು ಬಿಟ್ಟು ತಳಕ್ಕಿಳಿದು, ಕೋಶ ಕಟ್ಟಿಕೊಂಡು, ಒಂದು ನೂರಾರಾಗುತ್ತದೆ. ಚುಕ್ಕೆ ಮಾಯವಾಯಿತೆಂದು ನಾವು ಹಿಗ್ಗುವ ಹೊತ್ತಿಗೆ ತಳದಲ್ಲಿ ಸಂತಾನ ತಯಾರಾಗುತ್ತಿರುತ್ತದೆ! ಆ ಮರಿಗಳು ಹೊರಬಂದು ಹೊಸ ಮೀನನ್ನು ಹುಡುಕುತ್ತಾ ಈಜುವ ಒಂದೆರಡು ದಿನಗಳಲ್ಲಿ ಮಾತ್ರ ಔಷಧಕ್ಕೆ ಅವು ಸಿಗುತ್ತವೆ. ಬೆಚ್ಚಗಿನ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ನೀರನ್ನು ಬಿಸಿಮಾಡುವುದು ಈ ಚಕ್ರ ಬೇಗ ತಿರುಗಲೆಂದು.

ಮಾರ್ಚ್ ಕೊನೆಯ ಹೊತ್ತಿಗೆ ವಿದ್ಯುತ್ ಕಡಿತ ನಿಂತಿತ್ತು. ಮೀನುಗಳನ್ನು ಬೇರೆ ಪ್ಲಾಸ್ಟಿಕ್ ತೊಟ್ಟಿಗೆ ಹಾಕಿದೆ; ಮೆಥಿಲೀನ್ ಬ್ಲೂ ಗಿಡಗಳಿಗೂ ಫಿಲ್ಟರಿನ ಉಪಕಾರಿ ಬ್ಯಾಕ್ಟೀರಿಯಾಕ್ಕೂ ಒಳ್ಳೆಯದಲ್ಲ. ಫಿಲ್ಟರಿನಲ್ಲಿ ಇದ್ದಿಲಿದ್ದರೆ ಅದು ಔಷಧವನ್ನೇ ಹೀರಿಬಿಡುತ್ತದೆ, ತೆಗೆದಿಡಬೇಕು. ದಿನಕ್ಕೆ ಒಂದೊಂದೇ ಡಿಗ್ರಿ ಏರಿಸಿ ನೀರನ್ನು 28ಕ್ಕೆ ತಂದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಗಾಳಿಯನ್ನು ಜಾಸ್ತಿ ಮಾಡಿದೆ. ಎರಡು ದಿನಕ್ಕೊಮ್ಮೆ ತಳದ ಕೊಳೆಯೊಂದಿಗೆ ಮೂರನೆಯ ಒಂದು ಭಾಗ ನೀರನ್ನು ನಳಿಕೆಯಿಂದ ಎಳೆದು, ಹೊಸ ನೀರಿಗೆ ತಕ್ಕಷ್ಟು ಔಷಧವನ್ನು ಮತ್ತೆ ಹಾಕಿದೆ. ಪ್ರಮಾಣ ಸೀಸೆಯ ಮೇಲೆ ಬರೆದಷ್ಟೇ, ಕೈಯಂದಾಜಲ್ಲ. ಕೊನೆಯ ಚುಕ್ಕೆ ಹೋದ ಮೇಲೂ ಪೂರ್ತಿ ಒಂದು ವಾರ ಬಿಡಲಿಲ್ಲ. ಹಳೆಯ ತೊಟ್ಟಿಯನ್ನು ಮೀನಿಲ್ಲದೆ ಬೆಚ್ಚಗೆ ಎರಡು ವಾರ ಬಿಟ್ಟೆ. ಆಸರೆ ಸಿಗದ ಮರಿಗಳು ತಾವಾಗಿಯೇ ಸಾಯುತ್ತವೆ.

ಅಷ್ಟರಲ್ಲಿ ಇನ್ನೂ ಮೂರು ಹೋಗಿದ್ದವು. ಏಪ್ರಿಲ್ ಕೊನೆಗೆ ಮಗಳು ಬಂದವಳೇ ಚಪ್ಪಲಿ ಬಿಚ್ಚಿ ತೊಟ್ಟಿಯ ಮುಂದೆ ಕುಳಿತು ಎಣಿಸಿದಳು. "ಒಂಬತ್ತು" ಎಂದಳು. ಚಳಿಗೆ ಹೋದವು ಎನ್ನಬಹುದಿತ್ತು, ನಂಬುತ್ತಿದ್ದಳು. "ಔಷಧ ಬೇಗ ನಿಲ್ಲಿಸಿದೆ ಪುಟ್ಟಾ, ತಪ್ಪು ನನ್ನದು" ಎಂದೆ. ವೃತ್ತಿಯಲ್ಲಿ ಎಷ್ಟೋ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿದ್ದೇನೆ. ಈ ಮಾತು ಮಾತ್ರ ಬಾಯಿಗೆ ಬರುವುದು ತಡವಾಯಿತು.

ಬೇಸಿಗೆ ಜಾತ್ರೆಗಳಲ್ಲಿ ನಮ್ಮ ಮಕ್ಕಳು ಕಾಗದದ ಜಾಲರಿಯಿಂದ ಚಿನ್ನದ ಮೀನು ಹಿಡಿದು ಚೀಲದಲ್ಲಿ ತರುತ್ತಾರಲ್ಲ, ಅವೂ ಈ ರೋಗವನ್ನು ಹೊತ್ತು ತರಬಹುದು. ದಯವಿಟ್ಟು ಎರಡು ವಾರ ಬೇರೆ ಇಡಿ; ಬಕೆಟ್ಟಾದರೂ ಸಾಕು, ಒಂದು ಗಾಳಿಯ ಪಂಪಿದ್ದರೆ.

ಮಗಳು ಈಗ ದೊಡ್ಡವಳು. ಮನೆಗೆ ಹೊಸ ಮೀನು ಬಂದರೆ ಬೇರೆ ತೊಟ್ಟಿಯ ಮೇಲೆ ಟೇಪು ಅಂಟಿಸಿ ತಾರೀಖು ಬರೆಯುವುದು ಅವಳದೇ ಕೆಲಸ. ಆ ಪೆನ್ನನ್ನು ನನ್ನ ಕೈಗೆ ಕೊಡುವುದಿಲ್ಲ.