ಮುಳುಗುವವನ ಹಿಡಿತ ಬಿಡಿಸುವ ವಿದ್ಯೆ

ಕೆರೆಯಲ್ಲಿ ಮುಳುಗುತ್ತಿದ್ದ ಗೆಳೆಯನನ್ನು ಉಳಿಸಲು ಹೋದವನೂ ನೀರುಪಾಲಾದ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಹಾಗೆ ಹೋದವನಿಗೆ ಎಷ್ಟೋ ಸಲ ಈಜು ಚೆನ್ನಾಗಿಯೇ ಬರುತ್ತಿರುತ್ತದೆ. ಬಾರದೆ ಇದ್ದದ್ದು ಬೇರೆಯದೇ ಒಂದು ವಿದ್ಯೆ. ಜರ್ಮನಿಯಲ್ಲಿ ಅದನ್ನು ಕಲಿಸಿ, ಪರೀಕ್ಷೆ ಮಾಡಿ, ಬ್ಯಾಜು ಕೊಡುತ್ತಾರೆ.

ಬರ್ಲಿನ್ನಿನ ವಾನ್‌ಸೇ ಸರೋವರದ ದಡದಲ್ಲಿ ಒಂದು ಕಿಲೋಮೀಟರಿಗೂ ಉದ್ದಕ್ಕೆ ಮರಳು ಹಾಸಿದೆ. 1907ರಿಂದ ಅದು ಸಾರ್ವಜನಿಕ ಈಜುತಾಣ. ಸಮುದ್ರವಿಲ್ಲದ ಊರಿಗೆ ಅದೇ ಬೀಚು. ಹಾವೆಲ್ ನದಿಯ ನೀರು ಹರಡಿಕೊಂಡು ಆದ ಸರೋವರವಾದ್ದರಿಂದ ಈಜುಕೊಳದಂತೆ ತಳ ಕಾಣುವುದಿಲ್ಲ. ದೊಡ್ಡ ಅಲೆಗಳಿಲ್ಲ ಎಂದು ಜನ ಧೈರ್ಯವಾಗಿ ಇಳಿಯುತ್ತಾರೆ. ಆದರೆ ಆ ದೇಶದಲ್ಲಿ ಮುಳುಗಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಸಮುದ್ರದಲ್ಲಲ್ಲ, ಕೆರೆ-ನದಿಗಳಲ್ಲಿ.

ಇಂಥ ನೀರನ್ನು ಕಾಯುವವರು ಎರಡು ಬಗೆ. ಮೂರು ವರ್ಷದ ವೃತ್ತಿ ತರಬೇತಿ ಮುಗಿಸಿದ ಈಜುತಾಣದ ನೌಕರರು ಒಂದು ಬಗೆ. ರಜೆಯ ದಿನಗಳನ್ನು ಕೊಟ್ಟು ಕಾವಲು ನಿಲ್ಲುವ ಸ್ವಯಂಸೇವಕರು ಇನ್ನೊಂದು. ಇವರ ದೊಡ್ಡ ಸಂಸ್ಥೆ ಡಿಎಲ್‌ಆರ್‌ಜಿ. 1912ರ ಜುಲೈ 28ರಂದು ರ್‍ಯೂಗನ್ ದ್ವೀಪದ ಬಿನ್ಸ್‌ನಲ್ಲಿ ಹಡಗುಕಟ್ಟೆ ಕುಸಿದು ಜನ ನೀರಿಗೆ ಬಿದ್ದರು, ಹಲವರು ಸತ್ತರು. ಆ ದುರಂತದ ನೋವಿನಲ್ಲೇ 1913ರ ಅಕ್ಟೋಬರಿನಲ್ಲಿ ಲೈಪ್‌ಜಿಗ್‌ನಲ್ಲಿ ಸಂಸ್ಥೆ ಹುಟ್ಟಿತು.

ಕಾವಲಿಗೆ ನಿಲ್ಲಲು ಸಾಮಾನ್ಯವಾಗಿ ಬೆಳ್ಳಿ ದರ್ಜೆಯ ಬ್ಯಾಜು ಇರಬೇಕು. 400 ಮೀಟರನ್ನು 15 ನಿಮಿಷದೊಳಗೆ ಈಜುವುದು ಅದರ ಸುಲಭದ ಭಾಗ. ಆಮೇಲೆ ಅಂಗಿ-ಪ್ಯಾಂಟು ತೊಟ್ಟು 300 ಮೀಟರ್, 12 ನಿಮಿಷದಲ್ಲಿ. ನೆನೆದ ಬಟ್ಟೆ ತೋಳನ್ನು ಹೇಗೆ ಜಗ್ಗುತ್ತದೆ ಎಂಬುದು ನದಿಗೆ ಬಟ್ಟೆಯಲ್ಲೇ ಇಳಿದವರಿಗೆಲ್ಲ ಗೊತ್ತು. ನೀರಿನಡಿ ಒಂದೇ ಉಸಿರಿನಲ್ಲಿ 25 ಮೀಟರ್ ಸಾಗಬೇಕು. ಬಟ್ಟೆ ತೊಟ್ಟ ಇನ್ನೊಬ್ಬರನ್ನು 50 ಮೀಟರ್ ಎಳೆದು ತರಬೇಕು.

ನನಗೆ ಇಡೀ ತರಬೇತಿಯ ಜೀವಾಳ ಎನಿಸುವುದು ಹಿಡಿತ ಬಿಡಿಸಿಕೊಳ್ಳುವ ಪಟ್ಟುಗಳು. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ; ಕಾಪಾಡಲು ಬಂದವನ ಕತ್ತನ್ನೇ ತಬ್ಬಿ, ಅವನನ್ನು ಮೆಟ್ಟಿ ಮೇಲೇಳಲು ನೋಡುತ್ತಾನೆ. ಅದು ಕೃತಘ್ನತೆಯಲ್ಲ, ಉಸಿರಿನ ಹಟ. ಆದ್ದರಿಂದ ಮೊದಲ ಪಾಠ, ಅವನ ಕೈಗೆ ಎಟುಕದಷ್ಟು ದೂರ ನಿಂತು ತೇಲುವ ವಸ್ತುವೊಂದನ್ನು ಚಾಚುವುದು. ಆದರೂ ತಬ್ಬಿಬಿಟ್ಟರೆ ಗುದ್ದಾಡಿ ಮೇಲೇಳಬಾರದು, ಕೆಳಗಿಳಿಯಬೇಕು. ಗಾಳಿಗಾಗಿ ಒದ್ದಾಡುವವನು ಕೆಳಗೆ ಹೋಗುವವನನ್ನು ಹಿಡಿದುಕೊಂಡಿರಲಾರ. ಹಿಡಿತ ಸಡಿಲಿದೊಡನೆ ಹಿಂದಿನಿಂದ ಬಂದು, ಕಂಕುಳಿಗೆ ಕೈಹಾಕಿ, ಅಂಗಾತ ಎಳೆದು ತರಬೇಕು. ಇದು ಓದಿ ಬರುವಂಥದ್ದಲ್ಲ. ಜೊತೆಗಾರ ಕತ್ತು ಹಿಡಿಯಬೇಕು, ಬಿಡಿಸಿಕೊಳ್ಳಬೇಕು, ಮತ್ತೆ ಹಿಡಿಯಬೇಕು. ನಮ್ಮ ಕೆರೆ ದಂಡೆಯ ಹುಡುಗರಿಗೆ ಇದೊಂದನ್ನಾದರೂ ಯಾರಾದರೂ ಕಲಿಸಿದ್ದರೆ!

ಇವೆಲ್ಲ ಒಂದಾಗುವ ಪರೀಕ್ಷೆಯೊಂದಿದೆ. ಅಭ್ಯರ್ಥಿ 20 ಮೀಟರ್ ಈಜಿ, ಮೂರರಿಂದ ಐದು ಮೀಟರ್ ಆಳಕ್ಕೆ ಮುಳುಗಿ, ಐದು ಕಿಲೋ ತೂಕದ ಬಳೆಯನ್ನು ಮೇಲೆತ್ತಿ ತರುತ್ತಾನೆ. ಅದನ್ನು ಕೈಬಿಡುತ್ತಿದ್ದಂತೆ ಇನ್ನೊಬ್ಬ ಬಂದು ತಬ್ಬುತ್ತಾನೆ. ಬಿಡಿಸಿಕೊಂಡು, ಅವನನ್ನೇ 25 ಮೀಟರ್ ಎಳೆದು, ದಡಕ್ಕೆ ಎತ್ತಬೇಕು. ನಡುವೆ ಬಿಡುವಿಲ್ಲ. ತೋಳು ನಡುಗುತ್ತಿರುವಾಗಲೇ, ಮೈಯಿಂದ ನೀರು ಸುರಿಯುತ್ತಿರುವಾಗಲೇ, ಮೊಣಕಾಲೂರಿ ಕುಳಿತು ಅಭ್ಯಾಸಕ್ಕಿಟ್ಟ ಗೊಂಬೆಯ ಎದೆ ಒತ್ತಲು ತೊಡಗಬೇಕು: ಮೂವತ್ತು ಒತ್ತು, ಎರಡು ಉಸಿರು, ಮತ್ತೆ ಮೂವತ್ತು, ಪೂರ್ತಿ ಮೂರು ನಿಮಿಷ.