ಕಾಶಿಯಾತ್ರೆಯ ಕೊಡೆ, ಕಡಲಾಚೆಯ ಮದುವೆ

ಹಸೆಮಣೆ ಏರುವ ಮುನ್ನ ವರ ಕಾಶಿಗೆ ಹೊರಡುತ್ತಾನೆ. ಕೈಯಲ್ಲಿ ಕೊಡೆ ಮತ್ತು ಬೆತ್ತ, ಕಾಲಿಗೆ ಹೊಸ ಪಾದರಕ್ಷೆ. ಛತ್ರದ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ಕಡೆಯವರು ಅಡ್ಡ ಬರುತ್ತಾರೆ. ಕನ್ಯೆಯನ್ನು ಕೊಡುತ್ತೇವೆಂದು ಹೇಳಿ ಕೈಹಿಡಿದು ಒಳಗೆ ಕರೆತರುತ್ತಾರೆ. ಮದುವೆಯಲ್ಲಿ ಯಾತ್ರೆಯ ನಟನೆ ವರನದು. ನಿಜವಾದ ಯಾತ್ರೆ ಮಾತ್ರ ಹಿಂದಿನಿಂದಲೂ ನೆಂಟರಿಷ್ಟರದೇ.

ಆ ಯಾತ್ರೆ ಈಗ ಕಡಲು ದಾಟಿದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಿಗೆ ಬರುವ ಲಗ್ನಪತ್ರಿಕೆಗಳಲ್ಲಿ ಛತ್ರದ ವಿಳಾಸವಿರಬೇಕಾದ ಜಾಗದಲ್ಲಿ ಬಾಲಿ, ಫುಕೆಟ್ ಅಥವಾ ದುಬೈನ ಹೋಟೆಲಿನ ಹೆಸರು ಕಾಣಿಸಿಕೊಳ್ಳತೊಡಗಿದೆ. ಡೆಸ್ಟಿನೇಷನ್ ವೆಡ್ಡಿಂಗ್ ಎಂಬ ಈ ಏರ್ಪಾಟನ್ನು ಹಣವಂತರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಮಕ್ಕಳು ಒಬ್ಬೊಬ್ಬರು ಒಂದೊಂದು ಖಂಡದಲ್ಲಿ ನೆಲೆಸಿರುವ ಮನೆಗಳಿಗೆ ಎಲ್ಲರೂ ಸೇರುವ ನಡುದಾರಿಯ ಊರೂ ಅದೇ ಆಗಿರುತ್ತದೆ. ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ವಿಧಿಸಬೇಕೆಂದು ವಾದಿಸುತ್ತಿದ್ದ ಕಾಲವೊಂದಿತ್ತು. ಇಂದು ಪುರೋಹಿತರೇ ವಿಮಾನವೇರಿ ಹೋಗಿ ಧಾರೆ ಎರೆಸಿ ಬರುತ್ತಾರೆ. ಉಳಿದಿರುವ ಪ್ರಶ್ನೆ ಒಂದೇ: ಎಪ್ಪತ್ತು ದಾಟಿದ ಸೋದರತ್ತೆ ಅಲ್ಲಿಗೆ ತಲುಪುವುದು ಹೇಗೆ?

ಹಿಂದೆ ಈ ಪ್ರಶ್ನೆಗೆ ಉತ್ತರ ಸಿದ್ಧವಿತ್ತು. ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ನಂತರ ಜನ ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಸಿಟಿ ರೈಲು ನಿಲ್ದಾಣದ ಬಳಿ 1903ರಲ್ಲಿ ಆರಂಭವಾದ ಗುಬ್ಬಿ ತೋಟದಪ್ಪನವರ ಛತ್ರ ಪರಸ್ಥಳದ ಪ್ರಯಾಣಿಕರಿಗೆ ಆಸರೆಯಾಯಿತು. ಮದುವೆಗೆ ಬಂದ ನೆಂಟರು ರೈಲಿನಿಂದ ಇಳಿದರೆ ಮುಗಿಯಿತು, ಮುಂದಿನದೆಲ್ಲ ಮನೆಯವರ ಹೊಣೆ. ಎದುರುಗೊಳ್ಳಲು ಹುಡುಗರು, ಕರೆತರಲು ಜಟಕಾ, ಛತ್ರದಲ್ಲಿ ಜಮಖಾನೆ, ಸ್ನಾನಕ್ಕೆ ಹಂಡೆಯ ಬಿಸಿನೀರು, ನಸುಕಿನಲ್ಲೇ ಕಾಫಿ. ಹೊರಡುವಾಗ ತಾಂಬೂಲದ ಚೀಲ ಮತ್ತು ದಾರಿಯ ಬುತ್ತಿ. ನೆಂಟರು ಹೊತ್ತು ತರಬೇಕಾಗಿದ್ದುದು ತಮ್ಮನ್ನು ಮಾತ್ರ.

ವಿದೇಶದ ಮದುವೆಯಲ್ಲಿ ಈ ಏರ್ಪಾಡು ತಿರುವುಮುರುವಾಗುತ್ತದೆ. ಗಡಿಯಲ್ಲಿ ಕುಳಿತ ಅಧಿಕಾರಿಗೆ ಬೀಗರಾರು, ನೆಂಟರಾರು ಎಂಬುದು ಬೇಕಿಲ್ಲ. ಆತನ ಮುಂದೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಾಗದಪತ್ರದೊಡನೆ ಒಬ್ಬೊಬ್ಬರಾಗಿಯೇ ನಿಲ್ಲಬೇಕು.

ಇನಿಷಿಯಲ್ಲಿನ ತೊಡಕು

ಹಳೇ ಮೈಸೂರು ಸೀಮೆಯವರಿಗೆ ಮೊದಲ ತೊಡಕು ಬರುವುದು ಹೆಸರಿನಲ್ಲಿಯೇ. ಇಲ್ಲಿನ ರೂಢಿಯಲ್ಲಿ ಹೆಸರಿನ ಮುಂದಿನ ಅಕ್ಷರಗಳು ಊರನ್ನೂ ತಂದೆಯನ್ನೂ ಸೂಚಿಸುತ್ತವೆ. ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ. ಗುಂಡಪ್ಪನವರ ಹೆಸರಿನ 'ಡಿ' ದೇವನಹಳ್ಳಿ, 'ವಿ' ತಂದೆ ವೆಂಕಟರಮಣಯ್ಯ. ಅದೇ ದೇವನಹಳ್ಳಿಯ ಬಳಿ 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇಂತಹ ಇನಿಷಿಯಲ್ಲುಗಳಿಗೆ ಬೆಲೆಯಿಲ್ಲ. ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಿಸಿದ ರೂಪದಲ್ಲಿರಬೇಕು. ಟಿಕೆಟಿನಲ್ಲಿಯೂ ವೀಸಾದಲ್ಲಿಯೂ ಅದೇ ರೂಪ ಇರಬೇಕು. ಪಿಂಚಣಿ ಪುಸ್ತಕದಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ, ಆಧಾರ್‌ನಲ್ಲಿ ಮತ್ತೊಂದು ಬಗೆ ಹೆಸರಿರುವ ಹಿರಿಯರು ಕಡಿಮೆಯಿಲ್ಲ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿದ್ದ ಮನೆಗಳ ಅಜ್ಜಿಯರಿಗೆ ತವರಿನ ಹೆಸರೊಂದು, ಅತ್ತೆಮನೆಯ ಹೆಸರೊಂದು.

ಸರ್‌ನೇಮ್ ಕಾಲಂ ಖಾಲಿಯಿರುವ ಪಾಸ್‌ಪೋರ್ಟಿನದು ಇನ್ನೊಂದು ಕಥೆ. ಒಂದೇ ಹೆಸರಿರುವ ಭೇಟಿಗಾರರಿಗೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ನಿಯಮ ತಂದಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ನಂತರ ಬಂದಿತು. ದುಬೈ ಮದುವೆಯ ಕರೆಯೋಲೆ ಕೈಸೇರಿದ ದಿನವೇ ಆ ಪುಟವನ್ನು ತೆರೆದು ನೋಡುವುದು ಒಳ್ಳೆಯದು.

ಪಾಸ್‌ಪೋರ್ಟಿನ ಅವಧಿಯನ್ನೂ ಗಮನಿಸಬೇಕು. ಪ್ರಯಾಣದ ದಿನ ಅದು ಚಾಲ್ತಿಯಲ್ಲಿದ್ದರೆ ಸಾಲದು. ಇಂಡೋನೇಷ್ಯಾ, ಶ್ರೀಲಂಕಾ ಮುಂತಾದ ಅನೇಕ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಜನನ ಪತ್ರವಿಲ್ಲದ ಹಿರಿಯರು ಹೊಸ ಪಾಸ್‌ಪೋರ್ಟ್ ಸಿಗದೆಂದು ಕೈಚೆಲ್ಲಬೇಕಾಗಿಲ್ಲ. ಜನನ ಪತ್ರವೇ ಬೇಕೆಂಬ ಕಟ್ಟಳೆ 2023ರ ಅಕ್ಟೋಬರ್ 1ರಂದು ಮತ್ತು ಆ ನಂತರ ಹುಟ್ಟಿದವರಿಗೆ ಮಾತ್ರ. ಉಳಿದವರಿಗೆ ಹುಟ್ಟಿದ ದಿನಾಂಕವಿರುವ ಶಾಲೆಯ ವರ್ಗಾವಣೆ ಪತ್ರ, ಪ್ಯಾನ್ ಕಾರ್ಡ್, ಪಿಂಚಣಿ ಆದೇಶದಂತಹ ದಾಖಲೆಗಳೂ ನಡೆಯುತ್ತವೆ. ವೀಸಾ ವಿಷಯದಲ್ಲಿ ಮಾತ್ರ ಕಳೆದ ವರ್ಷ ಹೋಗಿಬಂದವರ ಮಾತನ್ನು ನೆಚ್ಚಿಕೊಳ್ಳಬಾರದು. ನಿಯಮಗಳು ಆಗಾಗ ಬದಲಾಗುತ್ತವೆ. ಆಯಾ ದೇಶದ ಸರ್ಕಾರಿ ಜಾಲತಾಣವನ್ನು ನೋಡಿಯೇ ಹೊರಡಬೇಕು.

ಅಕ್ಷತೆಗೂ ಅಡ್ಡಿ

ಎರಡನೆಯ ತೊಡಕು ಮದುವೆಯ ಸಾಮಗ್ರಿಯದು. ಗಾಂಧಿ ಬಜಾರಿನಲ್ಲಿ ಅಥವಾ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಒಂದು ಸುತ್ತು ಹಾಕಿದರೆ ಮದುವೆಗೆ ಬೇಕಾದುದೆಲ್ಲ ಸಿಗುತ್ತದೆ. ಆದರೆ ಅದರಲ್ಲಿ ಅರ್ಧದಷ್ಟು ವಿಮಾನವೇರುವಂತಿಲ್ಲ, ಏರಿದರೂ ಇಳಿಯುವಂತಿಲ್ಲ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ನಿಷಿದ್ಧ. ಎಣ್ಣೆಯಂಶವಿರುವ ಒಣ ಕೊಬ್ಬರಿಯೂ ಬೆಂಕಿಯ ಭಯದಿಂದಲೇ 2022ರಲ್ಲಿ ಚೆಕ್-ಇನ್ ಸಾಮಾನಿನ ನಿಷೇಧಿತ ಪಟ್ಟಿಗೆ ಸೇರಿತು. ಶುಭಕಾರ್ಯಕ್ಕೆ ಕೊಬ್ಬರಿ ಗಿಟುಕು ಕೊಡುವ ಮನೆಯವರಿಗೆ ಇದು ಕಿರಿಕಿರಿಯೇ.

ಅಕ್ಷತೆಗೂ ಅಡ್ಡಿಯುಂಟು. ಖಾಪ್ರಾ ಎಂಬ ಧಾನ್ಯದ ಹುಳುವಿನ ಭಯದಿಂದ ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾರತದಿಂದ ಪ್ರಯಾಣಿಕರು ತರುವ ಅಕ್ಕಿಯನ್ನು ಬಿಟ್ಟುಕೊಳ್ಳುವುದಿಲ್ಲ. ಹಿಡಿ ಅಕ್ಕಿ ಅಲ್ಲಿಯೇ ಕೊಂಡು, ಇಲ್ಲಿಂದ ಒಯ್ದ ಕುಂಕುಮ ಬೆರೆಸುವುದೇ ದಾರಿ. ಮಾವಿನ ಎಲೆ, ಹೂವಿನ ದಂಡೆ, ಬಾಳೆ ಎಲೆಗಳಿಗೂ ಇದೇ ಗತಿ. ದುಬೈನ ಕಸ್ಟಮ್ಸ್ ವೀಳ್ಯದೆಲೆಯನ್ನೂ ನಿಷಿದ್ಧ ಎನ್ನುವುದರಿಂದ ಅಲ್ಲಿ ತಾಂಬೂಲಕ್ಕೇ ಕುತ್ತು. ಗಸಗಸೆ ಅಫೀಮಿನ ಗಿಡದ ಬೀಜವಾದ ಕಾರಣ ಅಲ್ಲಿ ಮಾದಕವಸ್ತುವಿನ ಕಾನೂನಿಗೆ ಒಳಪಡುತ್ತದೆ. ಪಾಯಸಕ್ಕೆಂದು ಪೊಟ್ಟಣ ಕಟ್ಟಿಕೊಂಡು ಹೋದವರ ಕಥೆ ಠಾಣೆಯಲ್ಲಿ ಮುಗಿಯಬಹುದು. ಉಪ್ಪಿನಕಾಯಿ, ತುಪ್ಪ, ಗೊಜ್ಜುಗಳು ಕೈಚೀಲದಲ್ಲಿ 100 ಮಿಲಿಲೀಟರಿನ ಮಿತಿಗೆ ಸಿಕ್ಕಿಬೀಳುತ್ತವೆ. ಯಾವುದೇ ದೇಶದಲ್ಲಾಗಲಿ, ಸಂದೇಹವಿರುವ ತಿಂಡಿತಿನಿಸನ್ನು ಮುಚ್ಚಿಡುವ ಬದಲು ಘೋಷಿಸಿಬಿಡುವುದು ಲೇಸು. ಘೋಷಿಸಿದ್ದು ಹೋದರೆ ತಿಂಡಿಯಷ್ಟೇ ನಷ್ಟ. ಮುಚ್ಚಿಟ್ಟದ್ದು ಸಿಕ್ಕಿದರೆ ದಂಡ.

ಒಡವೆ, ಔಷಧಿ, ಮುಹೂರ್ತ

ಮದುವೆಗೆ ಹೊರಟವರು ಬರಿಗೊರಳಲ್ಲಿ ಹೋಗುವುದಿಲ್ಲ. ಅಜ್ಜಿಯ ಕಾಲದ ಅಡ್ಡಿಕೆ, ಬಳೆಗಳು ಇಲ್ಲಿಂದಲೇ ಹೋದವು ಎಂಬುದಕ್ಕೆ ಹಿಂತಿರುಗುವಾಗ ಸಾಕ್ಷಿ ಬೇಕಾದೀತು. ಅದಕ್ಕಾಗಿಯೇ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಇದಕ್ಕೆಂದು ಸ್ವಲ್ಪ ಮೊದಲೇ ಹೋಗಬೇಕು. ಒಡವೆಯ ತೂಕದ ಚೀಟಿ ಮತ್ತು ಫೋಟೋ ಜೊತೆಗಿದ್ದರೆ ಕೆಲಸ ಸಲೀಸು. ಒಡವೆಯ ಗಂಟು ಕೈಚೀಲದಲ್ಲಿಯೇ ಇರಬೇಕು.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗಳೂ ಅಷ್ಟೆ. ಅವನ್ನು ಡಬ್ಬಿಗೆ ಸುರಿದುಕೊಳ್ಳದೆ ಅಂಗಡಿಯ ಪಟ್ಟಿಯಲ್ಲಿಯೇ ಇಟ್ಟುಕೊಂಡು, ವೈದ್ಯರ ಚೀಟಿಯೊಡನೆ, ನಾಲ್ಕಾರು ದಿನಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿ ಒಯ್ಯಬೇಕು. ಮುಯ್ಯಿಯ ಲಕೋಟೆ ಇಲ್ಲಿಯೇ ಕೊಟ್ಟು ಹೋಗುವುದು ಜಾಣತನ. ನಮ್ಮ ನೋಟು ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಹೊರಗೆ ಒಯ್ಯಲು ತಲೆಗೆ 25,000 ರೂಪಾಯಿಯ ಮಿತಿಯೂ ಇದೆ.

ಇನ್ನು ಮುಹೂರ್ತ. ಪತ್ರಿಕೆಯಲ್ಲಿ ಅಚ್ಚಾದ ವೇಳೆ ಆ ಊರಿನದು. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು, ದುಬೈನದು ಒಂದೂವರೆ ಗಂಟೆ ಹಿಂದು. ಬಾಲಿಯಲ್ಲಿ ಬೆಳಿಗ್ಗೆ ಏಳಕ್ಕೆ ಧಾರೆ ಎಂದರೆ ಬೆಂಗಳೂರಿನ ದೇಹಕ್ಕೆ ಅದು ನಸುಕಿನ ನಾಲ್ಕೂವರೆ. ವಯಸ್ಸಾದವರು ಒಂದು ದಿನ ಮೊದಲೇ ತಲುಪಿದರೆ ನಿದ್ದೆಗೆಟ್ಟು ಧಾರೆ ನೋಡುವುದು ತಪ್ಪುತ್ತದೆ.

ಎದುರುಗೊಳ್ಳುವುದು ಎಲ್ಲಿ?

ಇಷ್ಟೆಲ್ಲವನ್ನೂ ನೆಂಟರೇ ನೋಡಿಕೊಳ್ಳಲಿ ಎಂದರೆ ಹಳೆಯ ಮರ್ಯಾದೆ ಉಳಿಯುವುದಿಲ್ಲ. ಛತ್ರದ ಮದುವೆಗೆ ಯಾರು ಬೇಕಾದರೂ ಬಂದು ಎಲೆಯ ಮುಂದೆ ಕೂರಬಹುದಿತ್ತು. ಕಡಲಾಚೆಯ ಮದುವೆ ಹಾಗಲ್ಲ. ಪಾಸ್‌ಪೋರ್ಟ್ ಇದ್ದವರು, ಇಲ್ಲದವರು; ಟಿಕೆಟಿನ ಹಣವುಳ್ಳವರು, ಇಲ್ಲದವರು; ಒಬ್ಬರೇ ಹೋಗಬಲ್ಲವರು, ಹೋಗಲಾರದವರು ಎಂದು ಅದು ಬಂಧುಬಳಗವನ್ನೇ ಜರಡಿ ಹಿಡಿಯುತ್ತದೆ. ಕೆಳಗೆ ಉದುರುವವರು ಬಹುಪಾಲು ಹಸೆಗೆ ಹಾಡಬೇಕಾದವರು, ಮೊದಲ ಅಕ್ಷತೆ ಹಾಕಬೇಕಾದವರು.

ಆದ್ದರಿಂದ ನೆಂಟರನ್ನು ಎದುರುಗೊಳ್ಳುವ ಕೆಲಸ ಈಗ ನಿಲ್ದಾಣದಲ್ಲಲ್ಲ, ಆರು ತಿಂಗಳ ಮೊದಲೇ ಅವರ ಮನೆಯ ಜಗಲಿಯಲ್ಲಿ ಆರಂಭವಾಗಬೇಕು. ಕುಂಕುಮ ಕೊಟ್ಟು ಕರೆಯಲು ಹೋದವರೇ ಸೋದರತ್ತೆಯ ಪಾಸ್‌ಪೋರ್ಟ್ ತೆಗೆಸಿ ನೋಡಲಿ, ಅರ್ಜಿ ತುಂಬಲಿ, ಅವರೊಂದಿಗೆ ಒಬ್ಬ ಹುಡುಗನನ್ನು ಗೊತ್ತುಮಾಡಲಿ, ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಗೆ ಮೊದಲೇ ಹೇಳಿಡಲಿ. ಏನು ಮಾಡಿದರೂ ಬರಲಾಗದವರಿಗೆ ಹೊರಡುವ ಮೊದಲು ದೇವರ ಸಮಾರಾಧನೆಯನ್ನೋ ಬಂದ ಮೇಲೆ ಆರತಕ್ಷತೆಯನ್ನೋ ಇಲ್ಲಿನ ಛತ್ರದಲ್ಲಿಯೇ ಇಟ್ಟುಕೊಳ್ಳಲಿ. ಕಾಶಿಗೆ ಹೊರಟ ವರನನ್ನು ಕೈಹಿಡಿದು ಕರೆತರಲು ಜನರಿದ್ದಾರೆ. ಮದುವೆಗೆ ಹೊರಟ ಸೋದರತ್ತೆಗೂ ಕೈಹಿಡಿಯುವವರೊಬ್ಬರು ಬೇಕು.